ಒಬ್ಬಳ ಹೆಗಲಿಗೆ ಎರಡು ಕಾಯಕ



2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕಚೇರಿ ಮನೆಯೊಳಗೆ ಬಂತು. ಕಾಯಿಲೆ ಹಿಂದೆ ಸರಿದ ಮೇಲೂ ಅದು ಪೂರ್ತಿ ಹೊರಗೆ ಹೋಗಲಿಲ್ಲ. ಬೆಂಗಳೂರಿನ ಕಂಪನಿಗಳಿಗೆ ದುಡಿಯುವ ನಮ್ಮ ಎಷ್ಟೋ ಹೆಣ್ಣುಮಕ್ಕಳು ವಾರದಲ್ಲಿ ಕೆಲವು ದಿನ, ಕೆಲವರು ವಾರವಿಡೀ, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ, ತುಮಕೂರಿನ ತಮ್ಮ ಮನೆಗಳಿಂದಲೇ ಕೆಲಸ ಮಾಡುತ್ತಿದ್ದಾರೆ. ಓಡಾಟ ತಪ್ಪಿತು, ಬಾಡಿಗೆ ಉಳಿಯಿತು, ಮಕ್ಕಳು ಕಣ್ಣೆದುರಿಗೇ ಇರುತ್ತಾರೆ ಎಂದು ನಾವೆಲ್ಲ ಸಂತೋಷಪಟ್ಟೆವು. ಹೆರಿಗೆಯಾದ ಮೇಲೆ ಕೆಲಸ ಬಿಡಬೇಕಾಗಿದ್ದ ಕೆಲವರು ಇದರಿಂದ ಕೆಲಸ ಉಳಿಸಿಕೊಂಡದ್ದೂ ನಿಜ.

ಆದರೆ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಾಗ ಈ ಅಕ್ಕ-ತಂಗಿಯರ ಬಾಯಿಂದ ಈಚೆಗೆ ನಾನು ಕೇಳುತ್ತಿರುವುದು ಬೇರೆ ಮಾತು. ಬೆಳಗಿನ ಐದಕ್ಕೆ ಎದ್ದು ಕಸ, ನೀರು, ಮಕ್ಕಳ ಡಬ್ಬಿ. ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆಯಬೇಕು. ಮೀಟಿಂಗ್ ನಡೆಯುತ್ತಿರುವಾಗಲೇ ಕುಕ್ಕರ್ ಕೂಗುತ್ತದೆ, ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿಯುತ್ತಾನೆ, ಮಾವನವರಿಗೆ ಮಧ್ಯಾಹ್ನದ ಗುಳಿಗೆ ಕೊಡಬೇಕು. ನಾಲ್ಕಕ್ಕೆ ಮಕ್ಕಳು ಶಾಲೆಯಿಂದ ಬರುತ್ತಾರೆ. ರಾತ್ರಿ ಎಲ್ಲರ ಊಟ ಮುಗಿದು ಪಾತ್ರೆ ತೊಳೆದ ಮೇಲೆ, ಹಗಲು ಉಳಿದುಹೋದ ಕಚೇರಿಯ ಕೆಲಸಕ್ಕೆ ಮತ್ತೆ ಕೂರುತ್ತಾರೆ. "ಎರಡೂ ಕಡೆ ಅರ್ಧರ್ಧ ಮಾಡುತ್ತಿದ್ದೇನೆ ಅನ್ನಿಸುತ್ತದೆ, ಎರಡೂ ಕಡೆ ಬೈಸಿಕೊಳ್ಳುತ್ತೇನೆ" ಎಂದರು ಒಬ್ಬ ತಂಗಿ. ಪಕ್ಕದಲ್ಲಿ ಕುಳಿತಿದ್ದ ಮೂವರು ತಲೆಯಾಡಿಸಿದರು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅವಳು ಮನೆಯಲ್ಲೇ ಇದ್ದಾಳೆ, ಯಾವ ಹೊತ್ತಿಗಾದರೂ ಕರೆಯಬಹುದು ಎಂದುಕೊಳ್ಳುತ್ತದೆ ಕಂಪನಿ. ಅವಳು ಮನೆಯಲ್ಲೇ ಇದ್ದಾಳೆ, ಯಾವ ಕೆಲಸವನ್ನಾದರೂ ಹೇಳಬಹುದು ಎಂದುಕೊಳ್ಳುತ್ತೇವೆ ನಾವು. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಮಗ ಲ್ಯಾಪ್‌ಟಾಪ್ ತೆರೆದು ಕುಳಿತರೆ "ಗದ್ದಲ ಮಾಡಬೇಡಿ, ಅಪ್ಪ ಕೆಲಸದಲ್ಲಿದ್ದಾನೆ" ಎಂದು ಮಕ್ಕಳಿಗೆ ಹೇಳುತ್ತೇವೆ, ಬಾಗಿಲ ಬಳಿಗೇ ಚಹಾ ಹೋಗುತ್ತದೆ. ಆ ಚಹಾ ಮಾಡಿದವಳೂ ಅದೇ ಹೊತ್ತಿಗೆ ಕೆಲಸದಲ್ಲಿದ್ದಳು ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಇದು ನಾಲ್ಕು ಮನೆಗಳ ಮಾತಲ್ಲ. ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆ ನಡೆದಾಗ ಹೆಂಗಸರ ಲೆಕ್ಕ 289 ನಿಮಿಷಕ್ಕೆ ಇಳಿದಿತ್ತು, ಗಂಡಸರದು 88ಕ್ಕೆ ಇಳಿದಿತ್ತು. ಐದು ವರ್ಷಗಳಲ್ಲಿ ಹೆಂಗಸರ ಭಾರ ಹತ್ತು ನಿಮಿಷ ಹಗುರವಾಯಿತು. ಆ ಹತ್ತು ನಿಮಿಷವನ್ನು ಗಂಡಸರು ಹೊತ್ತುಕೊಂಡದ್ದರಿಂದ ಹಗುರವಾದದ್ದಂತೂ ಅಲ್ಲ.

ಬಸವತತ್ವವನ್ನು ಒಪ್ಪಿದ ಮನೆಗಳಲ್ಲಿ ಹೀಗಾಗಬಾರದಿತ್ತು. ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ನನಗೂ ಬೇಡವೆಂದು ಬಾಲಕ ಬಸವಣ್ಣ ಹೊರಟುಬಂದ ಕಥೆಯನ್ನು ಪ್ರತಿ ಬಸವ ಜಯಂತಿಯಲ್ಲೂ ಹೇಳುತ್ತೇವೆ. ಪಂಚಸೂತಕಗಳನ್ನು ತಳ್ಳಿಹಾಕಿ ಹೆಣ್ಣಿನ ಕೊರಳಿಗೂ ಇಷ್ಟಲಿಂಗ ಕಟ್ಟಿದ ಧರ್ಮ ನಮ್ಮದು ಎಂದು ಹೆಮ್ಮೆಪಡುತ್ತೇವೆ. ಕಲ್ಯಾಣದ ಶರಣೆಯರಲ್ಲಿ ಕೆಲವರ ಹೆಸರನ್ನೇ ನೋಡಿ: ಕದಿರೆ ರೆಮ್ಮವ್ವೆ ನೂಲುವವಳು, ಕೊಟ್ಟಣದ ಸೋಮಮ್ಮ ಭತ್ತ ಕುಟ್ಟುವವಳು, ಗೊಗ್ಗವ್ವೆ ಧೂಪದ ಕಾಯಕದವಳು. ರಾಟೆಯೂ ಒನಕೆಯೂ ಮನೆಯ ಪಡಸಾಲೆಯಲ್ಲಿ, ಅಂಗಳದಲ್ಲಿ ಇರುವಂಥವು. ಮನೆಯಲ್ಲಿ ಕುಳಿತು ದುಡಿಯುವುದು ನಮ್ಮ ಪರಂಪರೆಗೆ ಹೊಸದಲ್ಲ. ಆ ದುಡಿಮೆಗೆ ಶರಣರು ಕಾಯಕ ಎಂಬ ಹೆಸರು ಕೊಟ್ಟರು, ದುಡಿದವಳನ್ನು ಅವಳ ಕಾಯಕದಿಂದಲೇ ಗುರುತಿಸಿದರು. ನಮ್ಮ ಮನೆಯ ಸೊಸೆಯ ದುಡಿಮೆಯನ್ನು ನಾವು "ಕಂಪ್ಯೂಟರ್ ಮುಂದೆ ಕೂರುತ್ತಾಳೆ" ಎಂದು ಹೇಳಿ ಮುಗಿಸುತ್ತೇವೆ.

ಇಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ದಣಿದವಳ ಮುಂದೆ "ಕಾಯಕ ಎಂದುಕೊಂಡು ಮಾಡವ್ವ, ಭಾರ ಅನ್ನಿಸುವುದಿಲ್ಲ" ಎಂದು ಉಪದೇಶಿಸುವ ರೂಢಿ ನಮ್ಮಲ್ಲಿದೆ. ಕಾಯಕಕ್ಕೆ ಅಳತೆ ಉಂಟು ಎಂಬುದನ್ನು ಈ ಉಪದೇಶ ಮರೆಯುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ, ತಿರುಗಿ ಸುರಿದು ಬರಲು ಕಳಿಸಿದಳು. ಆಸೆಯನ್ನು ಬಿಡಬೇಕೆಂಬ ಪಾಠವಾಗಿ ಈ ಪ್ರಸಂಗವನ್ನು ಹೇಳುತ್ತೇವೆ. ಅದರಲ್ಲಿ ಇನ್ನೂ ಒಂದು ಮಾತಿದೆ. ಆ ಮನೆಯಲ್ಲಿ ಎಷ್ಟು ಸಾಕು ಎಂದು ಹೇಳುವ ಅಧಿಕಾರ ಲಕ್ಕಮ್ಮನಿಗಿತ್ತು, ಅವಳು ಹೇಳಿದಾಗ ಮಾರಯ್ಯ ಕೇಳಿದ. ಇಂದು ನಮ್ಮ ಮನೆಗಳಲ್ಲಿ ಹೆಣ್ಣುಮಗಳು "ಇಷ್ಟೇ ಸಾಕು, ಇನ್ನು ನನ್ನಿಂದಾಗದು" ಎಂದರೆ ಕೇಳುವವರು ಎಷ್ಟು ಜನ?

ದಾಸೋಹದ ಮಾತಿಗೆ ಬರೋಣ. ಸಿದ್ಧಗಂಗೆಯಂಥ ಮಠದಲ್ಲಿ ದಿನವೂ ಸಾವಿರಾರು ಮಕ್ಕಳಿಗೆ ಅನ್ನ ಬೇಯುತ್ತದೆ. ಜಾತ್ರೆ ಬಂತೆಂದರೆ ನಮ್ಮ ಯಾವ ಮಠಕ್ಕೆ ಹೋದರೂ ಗಂಡಸರು ಸೊಂಟಕ್ಕೆ ಟವೆಲ್ ಸುತ್ತಿ ಕೊಪ್ಪರಿಗೆಯ ಮುಂದೆ ನಿಂತಿರುತ್ತಾರೆ, ಬಡಿಸುತ್ತಾರೆ, ಎಂಜಲೆಲೆ ಎತ್ತುತ್ತಾರೆ, ನೆಲ ಗುಡಿಸುತ್ತಾರೆ. ಅದನ್ನು ಭಾಗ್ಯ ಎನ್ನುತ್ತಾರೆ. ಅದೇ ಗಂಡಸರು ಮನೆಗೆ ಬಂದರೆ ಉಂಡ ತಾಟನ್ನು ಕುಳಿತಲ್ಲೇ ಬಿಟ್ಟು ಏಳುತ್ತಾರೆ. ಅಡುಗೆ ಬಾರದು ಎಂಬ ನೆಪ ಇಲ್ಲಿ ನಡೆಯದು, ಏಕೆಂದರೆ ಮಠದಲ್ಲಿ ಅವರು ಮಾಡಿದ ಹುಗ್ಗಿಯನ್ನು ನಾವೆಲ್ಲ ಉಂಡಿದ್ದೇವೆ. ಮಠದಲ್ಲಿ ಕೈಗೆ ಮೆತ್ತಿದರೆ ಪುಣ್ಯವಾಗುವ ಕೆಲಸ ಮನೆಯಲ್ಲಿ ಮಾಡಿದರೆ ಹೇಗೆ ಕೀಳಾದೀತು?

"ನಾವು ಕಟ್ಟಿಗೆಯ ಒಲೆಯಲ್ಲಿ ಬೇಯಿಸಿದೆವು, ಬಾವಿಯಿಂದ ನೀರು ಸೇದಿದೆವು, ಇಷ್ಟು ಅಲವತ್ತುಕೊಳ್ಳಲಿಲ್ಲ" ಎನ್ನುವ ತಾಯಂದಿರಿದ್ದಾರೆ. ಅವರ ಕಷ್ಟ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ನೀರು ಸೇದುವಾಗ ಅವರ ಹೊತ್ತನ್ನು ನಿಮಿಷಗಳಲ್ಲಿ ಅಳೆಯುವ ಇನ್ನೊಬ್ಬ ಯಜಮಾನ ಇರಲಿಲ್ಲ. ಮೂರು ಜನ ಓರಗಿತ್ತಿಯರು ಕೂಡಿ ಮಾಡುತ್ತಿದ್ದ ಕೆಲಸ ಈಗ ಒಬ್ಬಳ ಪಾಲಿಗೆ ಬಂದಿದೆ. ಇನ್ನೊಂದು ಮಾತು: ಎಷ್ಟೋ ಮನೆಗಳಲ್ಲಿ ಸೊಸೆಯ ಭಾರದ ಅರ್ಧವನ್ನು ಹೊತ್ತಿರುವವರು ಮೊಣಕಾಲು ನೋಯುವ ಅತ್ತೆಯೇ. ಆದ್ದರಿಂದ ಇದನ್ನು ಅತ್ತೆ-ಸೊಸೆಯರ ಜಗಳವೆಂದು ನೋಡುವುದು ತಪ್ಪು. ಇಬ್ಬರೂ ದಣಿಯುತ್ತಿರುವಾಗ ಸುಮ್ಮನೆ ಕುಳಿತವರು ಯಾರು ಎಂಬುದು ಕೇಳಬೇಕಾದ ಪ್ರಶ್ನೆ.

ಕಾನೂನು ಮಾಡಬಹುದಾದದ್ದಕ್ಕೆ ಮಿತಿಯಿದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತು. ರಜೆ ಮುಗಿದ ಮೇಲೆ ಕೆಲಸ ಹೊಂದುವಂತಿದ್ದರೆ ಇಬ್ಬರೂ ಒಪ್ಪಿ ಮನೆಯಿಂದ ದುಡಿಯಲು ಅವಕಾಶವಾಯಿತು. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಾಯಿತು. ಇವು ಬೇಕಾದ ನಿಯಮಗಳೇ. ಆದರೆ ರಾತ್ರಿಯ ಪಾತ್ರೆ ಯಾರು ತೊಳೆಯಬೇಕೆಂದು ಯಾವ ಕಾಯ್ದೆಯೂ ಹೇಳಲಾರದು. ಅದನ್ನು ಮನೆಯೇ ತೀರ್ಮಾನಿಸಬೇಕು, ಮನೆಗೆ ಮಠ ಹೇಳಿಕೊಡಬೇಕು.

ಹೀಗಾಗಿ ಕೆಲವು ಸೂಚನೆಗಳನ್ನು ಓದುಗರ ಮುಂದಿಡುತ್ತೇನೆ. ಮನೆಯಿಂದ ದುಡಿಯುವವಳ ಕಚೇರಿಯ ಹೊತ್ತು ಇಂತಿಷ್ಟರಿಂದ ಇಂತಿಷ್ಟು ಎಂದು ಮನೆಮಂದಿಗೆಲ್ಲ ಗೊತ್ತಿರಲಿ. ಆ ಹೊತ್ತಿನಲ್ಲಿ ಅವಳು ಊರಲ್ಲೇ ಇಲ್ಲವೆಂದು ತಿಳಿದು ನಡೆದುಕೊಳ್ಳಿ. ಒಂದು ಭಾನುವಾರ ಎಲ್ಲರೂ ಕುಳಿತು ಮನೆಯ ಕೆಲಸಗಳನ್ನು ಹಾಳೆಯ ಮೇಲೆ ಬರೆಯಿರಿ. ಅಡುಗೆ, ಬಟ್ಟೆಯ ಜೊತೆಗೆ ಗ್ಯಾಸ್ ಬುಕ್ ಮಾಡುವುದು, ಹಿರಿಯರ ಗುಳಿಗೆ ಮುಗಿಯುವ ಮುನ್ನ ತರುವುದು, ಶಾಲೆಯ ಸಂದೇಶ ನೋಡುವುದು ಇಂಥವನ್ನೂ ಬರೆಯಿರಿ. ಕಣ್ಣಿಗೆ ಕಾಣದ ಈ ನೆನಪಿನ ಕೆಲಸವೇ ಹೆಚ್ಚು ದಣಿಸುವುದು. ಆಮೇಲೆ ಒಂದೊಂದರ ಮುಂದೆ ಒಂದೊಂದು ಹೆಸರು ಬರೆಯಿರಿ. "ಸಹಾಯ ಮಾಡುತ್ತೇನೆ" ಎನ್ನುವ ಗಂಡನಿಗಿಂತ "ಇದು ನನ್ನದು" ಎನ್ನುವ ಗಂಡ ಬೇಕು. ಹತ್ತು ವರ್ಷದ ಮಗನ ಹೆಸರೂ ಆ ಹಾಳೆಯಲ್ಲಿರಲಿ.

ರೊಟ್ಟಿ ತಟ್ಟಲು ಹೊತ್ತಿಲ್ಲದ ದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ತಾಯಂದಿರಿಂದ ಕೊಂಡುತನ್ನಿ. ಅವರ ಕಾಯಕಕ್ಕೂ ಅದು ಆಸರೆ. ಬಂಧುಗಳ ಮನೆಗೆ ಹೋಗುವ ಮುನ್ನ ಫೋನ್ ಮಾಡಿ, ರೊಟ್ಟಿ-ಪಲ್ಯಕ್ಕಿಂತ ಹೆಚ್ಚಿನದನ್ನು ಬಯಸಬೇಡಿ. ಸೊಸೆ ಪೂಜೆಗೆ ಹೆಚ್ಚು ಹೊತ್ತು ಕೂರುವುದಿಲ್ಲವೆಂದು ದೂರುವ ಹಿರಿಯರು ನುಲಿಯ ಚಂದಯ್ಯನನ್ನು ನೆನೆಯಲಿ. ಹುಲ್ಲು ಕೊಯ್ಯುವಾಗ ಜಾರಿದ ಲಿಂಗಕ್ಕಾಗಿ ಕಾಯಕ ನಿಲ್ಲಿಸದ ಆ ಶರಣನ ಹಿಂದೆ ಲಿಂಗವೇ ಬಂದಿತೆಂದು ಹೇಳುವವರು ನಾವೇ ಅಲ್ಲವೇ?

ಮಠಗಳಲ್ಲೂ ಒಂದು ಬಿನ್ನಹವಿದೆ. ಜಾತ್ರೆಗೆ ರೊಟ್ಟಿ ಬುತ್ತಿ ಕೇಳುವಾಗ ತಾಯಂದಿರನ್ನಷ್ಟೇ ಕೇಳಬೇಡಿ. ಪ್ರವಚನಗಳಲ್ಲಿ ಈ ಮಾತನ್ನು ಗಂಡಸರಿಗೆ ನೇರವಾಗಿ ಹೇಳಿ, ಪೂಜ್ಯರ ಬಾಯಿಂದ ಬಂದ ಮಾತಿಗೆ ಮನೆಗಳಲ್ಲಿ ತೂಕವಿದೆ. ವಧು-ವರರ ಸಮಾವೇಶಗಳಲ್ಲಿ ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳುವ ನಾವು ಅದೇ ಪ್ರಶ್ನೆಯನ್ನು ಹುಡುಗನಿಗೂ ಕೇಳೋಣ.

ದುಡಿಯುವ ಅಕ್ಕ-ತಂಗಿಯರಿಗೆ: ಮನೆಯ ಮೂಲೆಯಲ್ಲಿ ಒಂದು ದಿನ ಧೂಳು ಉಳಿದರೆ ನಿಮ್ಮ ಶರಣತ್ವಕ್ಕೆ ಕುಂದಿಲ್ಲ. ದಣಿವನ್ನು ಸಿಟ್ಟಾಗುವವರೆಗೆ ಒಳಗಿಟ್ಟುಕೊಳ್ಳಬೇಡಿ, ಮೊದಲೇ ಹೇಳಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ವೈದ್ಯರ ಬಳಿ ಹೋಗಿ. ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಮನೆಯವರು ಅವರನ್ನು ಒಬ್ಬರನ್ನೇ ಕಳಿಸದೆ ಜೊತೆಗೆ ಹೋಗಿ.

ಹೆಣ್ಣುಮಕ್ಕಳು ದಣಿದು ಕೆಲಸ ಬಿಟ್ಟರೆ ನಷ್ಟ ಒಂದು ಸಂಬಳದ್ದಷ್ಟೇ ಅಲ್ಲ. ಓದಿಸಿದ ತಂದೆತಾಯಿಯರ ದುಡಿಮೆ, ಅವಳ ಸ್ವಂತ ಕಾಯಕ, ಅದರಿಂದ ಬರುವ ಸ್ವಾಭಿಮಾನ ಎಲ್ಲವೂ ಹೋಗುತ್ತದೆ. ಹೆಣ್ಣಿಗೂ ಕಾಯಕವುಂಟು ಎಂದು ಒಪ್ಪಿದ ಸಮಾಜ ಅವಳ ಕಾಯಕವನ್ನು ತನ್ನ ಅಡುಗೆಮನೆಯಲ್ಲೇ ಕಳೆದುಕೊಳ್ಳಬಾರದು. ಮುಂದಿನ ತಿಂಗಳ ಗೋಷ್ಠಿಗೆ ನಿಮ್ಮ ಮನೆಯ ಆ ಹಾಳೆಯನ್ನು ತನ್ನಿ. ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಕೂಡಿ ನೋಡೋಣ.