ಮೋಡದಲ್ಲಿಟ್ಟ ಪಾಠ ಮನೆಗೆ ಬಾರದಿದ್ದರೆ



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ಒಬ್ಬ ತಂದೆ ನನ್ನನ್ನು ಬದಿಗೆ ಕರೆದರು. "ಮಾಷ್ಟ್ರೇ, ಮಗಳು ಸಮಾಜ ವಿಜ್ಞಾನದ ನೋಟ್ಸು ಪೂರ್ತಿ ಅಳಿಸಿ ಹಾಕಿದ್ದಾಳೆ. ಕೇಳಿದರೆ ನಾನಲ್ಲ ಎನ್ನುತ್ತಾಳೆ. ಇನ್ನು ಹತ್ತನೆಯ ಪರೀಕ್ಷೆ ಮುಗಿಯುವವರೆಗೆ ಅವಳಿಗೆ ಕಂಪ್ಯೂಟರೂ ಇಲ್ಲ, ಮೊಬೈಲೂ ಇಲ್ಲ" ಎಂದರು. ಹುಡುಗಿ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅತ್ತಿರಬೇಕು.

ಆ ಭಾನುವಾರ ಅವರ ಮನೆಗೆ ಹೋಗಿ ನೋಡಿದೆ. ಕಂಪ್ಯೂಟರಿನಲ್ಲಿ ಫೋಲ್ಡರೇ ಇರಲಿಲ್ಲ. ವಿಚಾರಿಸುತ್ತಾ ಹೋದಾಗ ತಿಳಿದದ್ದಿಷ್ಟು: ಅಣ್ಣ ತನ್ನ ಮೊಬೈಲಿನಲ್ಲಿ ಜಾಗ ಸಾಲದೆಂದು, ಅದರಲ್ಲಿ ಕಾಣುತ್ತಿದ್ದ ತಂಗಿಯ ಫೋಲ್ಡರನ್ನು ಅಳಿಸಿದ್ದ. "ಕಂಪ್ಯೂಟರಿನಲ್ಲಿ ಹೇಗೂ ಇದೆಯಲ್ಲ" ಎಂಬುದು ಅವನ ಲೆಕ್ಕ. ಮೊಬೈಲಿನಲ್ಲಿ ಅಳಿಸಿದ್ದು ಇಂಟರ್‌ನೆಟ್ಟಿನ ದಾಸ್ತಾನಿನಿಂದಲೂ ಹೋಯಿತು, ಅಲ್ಲಿಂದ ಮನೆಯ ಕಂಪ್ಯೂಟರಿನಿಂದಲೂ ಹೋಯಿತು. ಅದೃಷ್ಟಕ್ಕೆ ಕಸದ ಬುಟ್ಟಿಯಲ್ಲಿ ಎಲ್ಲವೂ ಇತ್ತು. ಅಳಿಸಿ 26 ದಿನವಾಗಿತ್ತು. 30 ದಿನ ಕಳೆದಿದ್ದರೆ ಅಲ್ಲಿಂದಲೂ ಹೋಗುತ್ತಿತ್ತು.

ಇದನ್ನು ಸಣ್ಣ ಸಂಗತಿ ಎಂದುಕೊಳ್ಳಬೇಡಿ. ಮಲಯಾಳ ಮಾಧ್ಯಮದ ಅಥವಾ ಇಂಗ್ಲಿಷ್ ಮಾಧ್ಯಮದ ಮಗು ನೋಟ್ಸು ಕಳೆದುಕೊಂಡರೆ ಪೇಟೆಯ ಅಂಗಡಿಗೆ ಹೋಗಿ ಗೈಡು ಕೊಳ್ಳಬಹುದು. ಕೇರಳ ಪಠ್ಯಕ್ರಮಕ್ಕೆ ಹೊಂದುವ ಕನ್ನಡ ಗೈಡನ್ನು ಕೇಳಿ ನೋಡಿ, ಅಂಗಡಿಯವರು ಕೈ ಅಲ್ಲಾಡಿಸುತ್ತಾರೆ. ನಮ್ಮ ಮಕ್ಕಳಿಗೆ ಇರುವುದು ಅಧ್ಯಾಪಕರು ರಾತ್ರಿ ಕುಳಿತು ಬೆರಳಚ್ಚು ಮಾಡಿ ಹಂಚಿದ ಕಡತಗಳು. ಗಡಿಯ ಆಚೆಗಿರುವ ಬೇರೆ ಕನ್ನಡ ಶಾಲೆಗಳಲ್ಲಿಯೂ, ಸೊಲ್ಲಾಪುರವಿರಲಿ ತಾಳವಾಡಿಯಿರಲಿ, ಪರಿಸ್ಥಿತಿ ಬಹಳ ಬೇರೆಯಾಗಿರಲಾರದು. ಕಳೆದರೆ ಕೊಂಡು ತರುವ ವಸ್ತುವಲ್ಲ ಅದು.

ಹೀಗಿರುವಾಗ ಫೈಲು ಕಾಣದಾದ ಕೂಡಲೇ ಮನೆಗಳಲ್ಲಿ ನಡೆಯುವುದು ಎರಡೇ ಕೆಲಸ. ಮೊದಲನೆಯದು ಮಗುವನ್ನು ಗದರುವುದು. ಎರಡನೆಯದು ಯಂತ್ರವನ್ನು ರಿಪೇರಿ ಅಂಗಡಿಗೆ ಒಯ್ಯುವುದು. ಎರಡೂ ತಪ್ಪು, ಎರಡನೆಯದು ಹೆಚ್ಚು ಅಪಾಯ. ಅಂಗಡಿಯಲ್ಲಿ ಅವಸರಕ್ಕೆ "ಫಾರ್ಮ್ಯಾಟ್" ಮಾಡಿಬಿಟ್ಟರೆ, ಇನ್ನೂ ಮೇಲಕ್ಕೆ ಏರದೆ ಆ ಯಂತ್ರದಲ್ಲೇ ಉಳಿದಿದ್ದ ಬರಹವೂ ಒರೆಸಿಹೋಗುತ್ತದೆ. ಹೆತ್ತವರೇ ಸ್ವಲ್ಪ ಹೊತ್ತು ಕುಳಿತು ನೋಡಿದರೆ ಹೆಚ್ಚಿನ ತೊಡಕುಗಳು ಮನೆಯಲ್ಲೇ ಬಿಡಿಸಿಕೊಳ್ಳುವಂಥವು ಎಂಬುದು ನನ್ನ ಅನುಭವ. ನಾನೇನು ಕಂಪ್ಯೂಟರ್ ಪಂಡಿತನಲ್ಲ. ಬಿ.ಎಡ್. ಓದುವಾಗ ನಮ್ಮದು ಫ್ಲಾಪಿಯ ಕಾಲ. ಮಿಕ್ಕದ್ದೆಲ್ಲ ಮಕ್ಕಳ ಜೊತೆ ಎಡವುತ್ತಾ ಕಲಿತದ್ದು.

ಮೊದಲು "ಸಿಂಕ್" ಎಂದರೇನೆಂದು ತಿಳಿಯೋಣ. ತರಗತಿಯಲ್ಲಿ ಒಂದು ಹಾಜರಿ ಪುಸ್ತಕ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅದರದೇ ಇನ್ನೊಂದು ಪ್ರತಿ ಇದೆಯೆಂದು ಭಾವಿಸಿ. ನಡುವೆ ಒಬ್ಬ ಜವಾನ ಸದಾ ಓಡಾಡುತ್ತಾ ಎರಡನ್ನೂ ಒಂದೇ ರೀತಿ ಮಾಡುತ್ತಾನೆ. ಇಲ್ಲಿ ಬರೆದದ್ದನ್ನು ಅಲ್ಲಿ ಬರೆಯುತ್ತಾನೆ. ಇಲ್ಲಿ ಹಾಳೆ ಹರಿದರೆ ಅಲ್ಲಿಯೂ ಹರಿಯುತ್ತಾನೆ! ಏಕೆ ಎಂದು ಕೇಳುವವನಲ್ಲ. ಗೂಗಲ್ ಡ್ರೈವ್, ಮೈಕ್ರೋಸಾಫ್ಟಿನ ಒನ್‌ಡ್ರೈವ್ ಮುಂತಾದವು ಮಾಡುವುದು ಈ ಜವಾನನ ಕೆಲಸವನ್ನೇ. ಅವು ತಿಜೋರಿಯಲ್ಲ. ಅಳಿಸಿದ ಫೈಲು ಗೂಗಲ್ ಡ್ರೈವಿನ "ಟ್ರ್ಯಾಶ್"ನಲ್ಲಿಯೂ, ವೈಯಕ್ತಿಕ ಒನ್‌ಡ್ರೈವಿನ "ರೀಸೈಕಲ್ ಬಿನ್"ನಲ್ಲಿಯೂ 30 ದಿನ ಇರುತ್ತದೆ, ಅಷ್ಟೇ.

ಈಗ ತೊಡಕಿಗೆ ಬರೋಣ. ಮಗು ಶಾಲೆಯಲ್ಲಿ ಮಾಡಿದ ಕೆಲಸ ಮನೆಯ ಕಂಪ್ಯೂಟರಿಗೆ ಬಂದಿಲ್ಲ. ಯಾವ ಗುಂಡಿಯನ್ನೂ ಒತ್ತುವ ಮೊದಲು ಬ್ರೌಸರು ತೆರೆದು, ನೇರವಾಗಿ ಆ ದಾಸ್ತಾನಿನ ತಾಣಕ್ಕೆ ಹೋಗಿ, ಫೈಲು ಅಲ್ಲಿದೆಯೇ ಎಂದು ನೋಡಿ. ನೋಡುವಾಗ ಮೇಲ್ಗಡೆ ಬಲಮೂಲೆಯಲ್ಲಿ ಯಾರ ಖಾತೆ ತೆರೆದಿದೆ ಎಂಬುದನ್ನೂ ಗಮನಿಸಿ. ಅಪ್ಪನದೊಂದು, ಅಮ್ಮನದೊಂದು, ಮಗುವಿನದೊಂದು ಎಂದು ಒಂದೇ ಮನೆಯಲ್ಲಿ ಮೂರು ಜಿಮೇಲ್ ಇರುತ್ತವೆ. ಅಪ್ಪನ ಖಾತೆಯಲ್ಲಿ ಮಗಳ ಪಾಠ ಹುಡುಕಿದರೆ ಸಿಕ್ಕೀತೇ?

ಫೈಲು ಅಲ್ಲಿ ಇಲ್ಲವೆಂದರೆ, ಕಸದ ಬುಟ್ಟಿಯಲ್ಲೂ ಇಲ್ಲವೆಂದರೆ, ಮನೆಯ ಯಂತ್ರವನ್ನು ಕೆದಕಿ ಫಲವಿಲ್ಲ. ಅದು ಹೊರಟ ಕಡೆಯಿಂದಲೇ ಹೊರಟಿಲ್ಲ. ಕೇರಳದ ಶಾಲೆಗಳಿಗೆ ಸಂಬಂಧಿಸಿದ ಒಂದು ವಿಶೇಷ ಇಲ್ಲಿದೆ. ನಮ್ಮ ಸರಕಾರಿ, ಅನುದಾನಿತ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಕೈಟ್ ಸಂಸ್ಥೆ ಒದಗಿಸಿದ ಗ್ನು/ಲಿನಕ್ಸ್. ಇದಕ್ಕೆ ಗೂಗಲ್ ಆಗಲಿ ಮೈಕ್ರೋಸಾಫ್ಟ್ ಆಗಲಿ ತಮ್ಮ ಸಿಂಕ್ ತಂತ್ರಾಂಶವನ್ನು ಕೊಟ್ಟಿಲ್ಲ. ಅಂದರೆ ಶಾಲೆಯಲ್ಲಿ ಆ ಜವಾನ ಇಲ್ಲ. ಮಕ್ಕಳು ಬ್ರೌಸರಿನ ಮೂಲಕ ಕೈಯಿಂದಲೇ ಫೈಲು ಏರಿಸಬೇಕು. ಸೋಮವಾರ ಏರಿಸಿದರು, ಬುಧವಾರ ಅದೇ ಲ್ಯಾಪ್‌ಟಾಪಿನಲ್ಲಿ ತಿದ್ದಿದರು, ಮತ್ತೆ ಏರಿಸಲು ಮರೆತರು. ಮನೆಗೆ ಬರುವುದು ಸೋಮವಾರದ್ದೇ. "ಕಂಪ್ಯೂಟರ್ ತಿದ್ದುಪಡಿ ನುಂಗಿತು" ಎಂದು ಮಗು ಹೇಳಿದರೆ ಅದು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಕಂಡದ್ದು ಹಾಗೆ.

ಫೈಲು ಬ್ರೌಸರಿನಲ್ಲಿ ಇದೆ, ಮನೆಯ ಫೋಲ್ಡರಿನಲ್ಲಿ ಮಾತ್ರ ಇಲ್ಲವೆಂದರೆ ದೋಷ ಮನೆಯ ಕಡೆಯದು. ಅದು "ನನ್ನೊಂದಿಗೆ ಹಂಚಿಕೊಂಡದ್ದು" ಎಂಬ ಪಟ್ಟಿಯಲ್ಲಿದೆಯೇ ನೋಡಿ. ಅಧ್ಯಾಪಕರು ಹಂಚಿದ ಫೈಲು ಗೂಗಲ್ ಡ್ರೈವಿನಲ್ಲಿ ಆ ಪಟ್ಟಿಗೆ ಬರುತ್ತದೆಯೇ ಹೊರತು ತಾನಾಗಿ ಕಂಪ್ಯೂಟರಿನ ಫೋಲ್ಡರಿಗೆ ಇಳಿಯುವುದಿಲ್ಲ. ಅದರ ಪ್ರತಿ ಮಾಡಿಕೊಂಡು ನಿಮ್ಮದೇ ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ನಾಳೆ ಅಧ್ಯಾಪಕರು ಮೂಲವನ್ನು ತೆಗೆದರೂ ನಿಮ್ಮದು ಉಳಿಯುತ್ತದೆ.

ಬಳಿಕ ಪರದೆಯ ಕೆಳಗೆ ಗಡಿಯಾರದ ಬಳಿ ಇರುವ ಪುಟ್ಟ ಮೋಡದ ಚಿಹ್ನೆಯ ಮೇಲೆ ಒತ್ತಿ. ಸಿಂಕ್ ನಿಲ್ಲಿಸಲಾಗಿದೆ ಎಂದಿರಬಹುದು. ಮೊಬೈಲಿನ ಹಾಟ್‌ಸ್ಪಾಟಿನಿಂದ ಇಂಟರ್‌ನೆಟ್ಟು ಪಡೆಯುವ ಮನೆಗಳಲ್ಲಿ ಇದು ಸಾಮಾನ್ಯ. ಆ ಸಂಪರ್ಕವನ್ನು ವಿಂಡೋಸಿನಲ್ಲಿ "ಮೀಟರ್ಡ್" ಎಂದು ಗುರುತಿಸಿದ್ದರೆ ಡೇಟಾ ಉಳಿಸಲೆಂದು ಒನ್‌ಡ್ರೈವ್ ತಾನಾಗಿ ನಿಂತುಬಿಡುತ್ತದೆ. ಕರೆಂಟು ಹೋಗಿ ಲ್ಯಾಪ್‌ಟಾಪು ಬ್ಯಾಟರಿ ಉಳಿತಾಯಕ್ಕೆ ಇಳಿದಾಗಲೂ ಹಾಗೆಯೇ. ನಮ್ಮ ಆಷಾಢದಲ್ಲಿ ಕರೆಂಟು ಇರುವುದೇ ಅಪರೂಪವಲ್ಲವೇ! ಚಿಹ್ನೆಯಲ್ಲಿ "ಮುಂದುವರಿಸು" ಎಂದು ಒತ್ತಿದರೆ ಕೆಲಸ ಮತ್ತೆ ಸಾಗುತ್ತದೆ.

ಜಾಗ ತುಂಬಿರುವುದು ಇನ್ನೊಂದು ಕಾರಣ. ಗೂಗಲ್ ಖಾತೆಯಲ್ಲಿ ಪುಕ್ಕಟೆ ಸಿಗುವ ಜಾಗ 15 ಜಿಬಿ. ಇದರಲ್ಲಿ ಮೇಲೂ ಸೇರಿತು, ಫೋಟೋಗಳೂ ಸೇರಿದವು. 2024ರಿಂದೀಚೆಗೆ ಆಂಡ್ರಾಯ್ಡ್ ಮೊಬೈಲಿನ ವಾಟ್ಸಾಪ್ ಬ್ಯಾಕಪ್ ಕೂಡ ಇದರ ಲೆಕ್ಕಕ್ಕೇ ಬರುತ್ತದೆ. ಒನ್‌ಡ್ರೈವಿನಲ್ಲಿ ಪುಕ್ಕಟೆ ಜಾಗ 5 ಜಿಬಿ ಮಾತ್ರ. ಚಿಕ್ಕಪ್ಪನ ಮದುವೆಯ ವಿಡಿಯೋ ಎಲ್ಲವನ್ನೂ ಆಕ್ರಮಿಸಿ ಕುಳಿತರೆ ಮಗುವಿನ ಎರಡು ಪುಟದ ಪ್ರಬಂಧಕ್ಕೆ ಸ್ಥಳವಿರುವುದಿಲ್ಲ. ಮಗುವಿಗೆ ಬೇರೆ ಖಾತೆ ಮಾಡಿಕೊಡಿ, ಅದನ್ನು ಮನೆಯವರೆಲ್ಲರ ಫೋಟೋಗಳಿಗೆ ಬಳಸಬೇಡಿ.

ಹಳೆಯ ಕಂಪ್ಯೂಟರು ಇರುವವರು ಗಡಿಯಾರವನ್ನೂ ನೋಡಬೇಕು. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತದೆ. ತಾರೀಕು ತಪ್ಪಿದರೆ ಸುರಕ್ಷಿತ ಸಂಪರ್ಕವೇ ಆಗುವುದಿಲ್ಲ. ಗುಪ್ತಪದ ಎಷ್ಟು ಸಲ ಸರಿಯಾಗಿ ಒತ್ತಿದರೂ ಪ್ರಯೋಜನವಿಲ್ಲ. ಬ್ಯಾಟರಿ ಬದಲಿಸಿ ತಾರೀಕು ಸರಿಪಡಿಸಿದರೆ ಮುಗಿಯಿತು. ವಿಂಡೋಸ್ 7 ಅಥವಾ 8 ಇದ್ದರೆ ಮಾತ್ರ ಇದು ಸಾಲದು. ಅವುಗಳಲ್ಲಿ ವೈಯಕ್ತಿಕ ಒನ್‌ಡ್ರೈವಿನ ಸಿಂಕ್ ನಿಂತದ್ದು 2022ರ ಮಾರ್ಚ್ 1ರಂದು. ಅಂಥ ಯಂತ್ರದಲ್ಲಿ ಬ್ರೌಸರಿನಿಂದ ಏರಿಸಿ ಇಳಿಸುವುದೇ ದಾರಿ.

ಫೈಲಿನ ಹೆಸರನ್ನು ಕನ್ನಡದಲ್ಲೇ ಇಡಿ, ಈಗ ಅದರಿಂದ ತೊಂದರೆಯಿಲ್ಲ. ಆದರೆ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಎರಡು ಚುಕ್ಕಿಯ ವಿವರಣ ಚಿಹ್ನೆ ಬೇಡ. ಶಾಲೆಯ ಲಿನಕ್ಸ್ ಇವನ್ನು ಒಪ್ಪುತ್ತದೆ, ಮನೆಯ ವಿಂಡೋಸ್ ಒಪ್ಪುವುದಿಲ್ಲ.

ಕನ್ನಡಿಗರಾದ ನಮಗೇ ಮೀಸಲಾದ ಒಂದು ಗೊಂದಲವಿದೆ. ಹಳೆಯ ನುಡಿ ಅಥವಾ ಬರಹದಲ್ಲಿ ಟೈಪು ಮಾಡಿದ ಕಡತ ಮೊಬೈಲಿಗೆ ಬಂದಾಗ ಅಕ್ಷರಗಳೆಲ್ಲ ಕಲಸಿ, ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. "ಬರುವ ದಾರಿಯಲ್ಲಿ ಫೈಲು ಕೆಟ್ಟಿತು" ಎಂದು ಅದನ್ನು ಅಳಿಸಿದವರನ್ನು ನಾನು ಕಂಡಿದ್ದೇನೆ. ಕೆಟ್ಟಿಲ್ಲ! ಆ ಕಾಲದ ಅಕ್ಷರಗಳು ಯುನಿಕೋಡ್ ಅಲ್ಲ, ಅದೇ ಫಾಂಟು ಇರುವ ಕಂಪ್ಯೂಟರಿನಲ್ಲಿ ತೆರೆದರೆ ಸರಿಯಾಗಿಯೇ ಇರುತ್ತವೆ. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಈ ವಿಷಯದಲ್ಲಿ ತಪ್ಪು ಹೆತ್ತವರದಲ್ಲ, ಇನ್ನೂ ಹಳೆಯ ಅಕ್ಷರಗಳಲ್ಲೇ ಪ್ರಶ್ನೆಪತ್ರಿಕೆ ಸಿದ್ಧಮಾಡಿ ಕಳಿಸುವ ನಮ್ಮಂಥ ಅಧ್ಯಾಪಕರದು.

ಇದಾವುದರಿಂದಲೂ ಸರಿಹೋಗದಿದ್ದರೆ ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕಬಹುದು. ಅದಕ್ಕೆ ಮುಂಚೆ ಮಗುವಿನ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಪ್ರತಿ ಮಾಡಿ. ಪ್ರತಿಯಾದ ಮೇಲೆ ಎರಡು ಮೂರು ಫೈಲು ತೆರೆದು ಪರೀಕ್ಷಿಸಿ. ಏಕೆಂದರೆ ಮೋಡದ ಗುರುತು ಇರುವ ಫೈಲಿನ ಹೆಸರಷ್ಟೇ ನಿಮ್ಮ ಯಂತ್ರದಲ್ಲಿ ಇರುತ್ತದೆ, ಒಳಗಿನ ಬರಹ ಇರುವುದು ಮೇಲೆ. ಈ ಪೆನ್‌ಡ್ರೈವ್ ತೊಡಕು ಬಂದಾಗ ಮಾತ್ರವಲ್ಲ, ಪ್ರತಿ ಶನಿವಾರವೂ ಬೇಕು. ಜವಾನನ ಕೈಗೆ ಸಿಗದ ಒಂದು ಪ್ರತಿ ಕಪಾಟಿನಲ್ಲಿ ಇರಲಿ.

ಮೊದಲು ಹೇಳಿದ ಆ ತಂದೆ ಕ್ರಿಸ್ಮಸ್ ರಜೆಗೆ ಸ್ವಲ್ಪ ಮುಂಚೆ ರಾತ್ರಿ ಫೋನು ಮಾಡಿದರು. "ಮಾಷ್ಟ್ರೇ, ನಿಮ್ಮ ಮಾದರಿ ಪ್ರಶ್ನೆಪತ್ರಿಕೆ ಬಂದಿಲ್ಲ. ಬ್ರೌಸರಿನಲ್ಲಿ ಮಗಳ ಖಾತೆಯನ್ನೇ ತೆರೆದು ನೋಡಿದೆ, ಹಂಚಿಕೊಂಡದ್ದರಲ್ಲೂ ಇಲ್ಲ, ಕಸದ ಬುಟ್ಟಿಯಲ್ಲೂ ಇಲ್ಲ. ನೀವೇ ಏರಿಸಲಿಲ್ಲವೋ ಏನೋ?" ಎಂದು ಮೆತ್ತಗೆ ಕೇಳಿದರು. ನೋಡಿದೆ. ನಾನೇ ಏರಿಸಿರಲಿಲ್ಲ.