ಬಣ್ಣ ಕೆರೆಯುವ ಮುನ್ನ



ಕ್ರಿಸ್ತಜಯಂತಿ ಹತ್ತಿರವಾದಂತೆ ಸೊಲ್ಲಾಪುರದ ವಿಜಾಪುರ ರಸ್ತೆಯ ಆಚೀಚೆ ಮನೆಗಳಿಗೆ ಬಣ್ಣ ಬಳಿಯುವ ಸಡಗರ. ಮನೆ ಆಶೀರ್ವಾದಕ್ಕೆಂದು ಹೋದ ಒಂದು ಹಳೆಯ ಚಾಳದಲ್ಲಿ ಮಾಲೀಕರು ಬಾಡಿಗೆ ಖೋಲಿಗಳ ಬಾಗಿಲುಗಳನ್ನು ಕೆರೆಸುತ್ತಿದ್ದರು. ಹಬ್ಬಕ್ಕೆ ಬಾಡಿಗೆದಾರರ ಮನೆಯೂ ಚೆಂದ ಕಾಣಲಿ ಎಂಬ ಒಳ್ಳೆಯ ಮನಸ್ಸು ಅವರದು. ಹಸಿರು ಪುಡಿ ಹೊಸ್ತಿಲ ತುಂಬ ಬಿದ್ದಿತ್ತು. ಅಲ್ಲೇ ಅಂಬೆಗಾಲಿಡುತ್ತಿದ್ದ ಮಗುವೊಂದು ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಿತ್ತು. ನಾವು ಮಗುವನ್ನು ಎತ್ತಿಕೊಂಡು ಕೈ ತೊಳೆಸಿದೆವು. "ಫಾದರ್, ಬರೇ ಧೂಳ ಅಲ್ಲೇನ್ರಿ?" ಎಂದರು ಮಾಲೀಕರು.

ಆ ಧೂಳಿನಲ್ಲಿ ಸೀಸ ಇರಬಹುದು. ನಮ್ಮ ಮನೆಗಳ ಸುಣ್ಣದ ಗೋಡೆಗಳಿಗಿಂತ ಬಾಗಿಲು, ಕಿಟಕಿ, ಕಬ್ಬಿಣದ ಸರಳುಗಳ ಆಯಿಲ್ ಪೇಂಟಿನಲ್ಲಿ ಅದು ಹೆಚ್ಚು. ಹಳದಿ, ಕೆಂಪು, ಹಸಿರು ಬಣ್ಣಗಳು ಗಾಢವಾಗಿರಲೆಂದು, ಬೇಗ ಒಣಗಲೆಂದು ಹಿಂದೆ ಸೀಸವನ್ನು ಬೆರೆಸುತ್ತಿದ್ದರು. ಸೀಸ ಮೈ ಸೇರಿದರೆ ರಕ್ತ ಕಡಿಮೆಯಾಗುತ್ತದೆ, ಬೆಳೆಯುವ ಮಿದುಳಿಗೆ ಪೆಟ್ಟು ಬೀಳುತ್ತದೆ. ನುಂಗಿದ ಸೀಸವನ್ನು ಎಳೆಯ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬಸುರಿಯ ರಕ್ತದಿಂದ ಅದು ಹೊಟ್ಟೆಯಲ್ಲಿರುವ ಕೂಸಿಗೂ ತಲುಪುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಮಗು ಮಂಕಾದರೆ, ಪಾಠದಲ್ಲಿ ಹಿಂದೆ ಬಿದ್ದರೆ ನಾವು ಮಗುವನ್ನೇ ಬೈಯುತ್ತೇವೆ. ಬಾಗಿಲನ್ನು ಯಾರೂ ನೋಡುವುದಿಲ್ಲ.

ಈ ಸತ್ಯವನ್ನು ದೇಶಕ್ಕೆ ತಿಳಿಸಿದವರಲ್ಲಿ ನಮ್ಮ ಧರ್ಮಸಭೆಯ ಸಂಸ್ಥೆಯೇ ಆದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಜೊತೆಗೂಡಿ ದೇಶದ ದೊಡ್ಡ ನಗರಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ನಡೆಯಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಮಿತಿಮೀರಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು. 2000ದಲ್ಲಿ ಅದು ನಿಂತಿತು. ಬಣ್ಣದ ಸರದಿ ಬಂದದ್ದು ತಡವಾಗಿ. 2016ರ ನಿಯಮದಂತೆ, 2017ರ ನವೆಂಬರಿನಿಂದ ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರುವಂತಿಲ್ಲ. ಆದರೆ ಈ ನಿಯಮ ಅಂಗಡಿಯ ಡಬ್ಬಿಗೆ. ಹಳೆಯ ಬಾಗಿಲಿನ ಬಣ್ಣಕ್ಕಲ್ಲ. ಅಮೆರಿಕದಲ್ಲಿ 1978ಕ್ಕಿಂತ ಹಿಂದಿನ ಮನೆಯನ್ನು ಬಾಡಿಗೆಗೆ ಕೊಡುವವರು, ಸೀಸದ ಬಣ್ಣವಿರುವುದು ಗೊತ್ತಿದ್ದರೆ ಮೊದಲೇ ತಿಳಿಸಬೇಕೆಂಬ ಕಾನೂನು 1996ರಿಂದ ಜಾರಿಯಲ್ಲಿದೆ. ನಮ್ಮಲ್ಲಿ ಅದು ಮಾಲೀಕರ ಮನಸ್ಸಾಕ್ಷಿಗೆ ಬಿಟ್ಟದ್ದು.

ಯಾಜಕಕಾಂಡದ 14ನೇ ಅಧ್ಯಾಯ ಓದಿ ನೋಡಿ. ಗೋಡೆಗೆ ಕಲೆ ಹತ್ತಿದರೆ ಮನೆಯವನೇ ಹೋಗಿ ಯಾಜಕನಿಗೆ ತಿಳಿಸಬೇಕು. ಮೊದಲು ಮನೆ ತೆರವಾಗಬೇಕು. ಆಮೇಲೆ ಕೆರೆಯಬೇಕು, ಕೆರೆದದ್ದನ್ನು ಊರಾಚೆ ಹಾಕಬೇಕು. ಅಲ್ಲಿ ಸೀಸದ ಮಾತಿಲ್ಲ, ಆದರೆ ಕ್ರಮ ಎಷ್ಟು ಚೊಕ್ಕಟ! ಮಾಳಿಗೆಗೆ ಕೈಪಿಡಿಗೋಡೆ ಕಟ್ಟಿಸು, ಬಿದ್ದು ಸತ್ತವನ ಹೊಣೆ ನಿನ್ನ ಮನೆಯ ಮೇಲೆ ಬಂದೀತು ಎನ್ನುತ್ತದೆ ಧರ್ಮೋಪದೇಶಕಾಂಡ (22:8). ಮನೆ ಇದ್ದವನಿಗೆ ಬಾಡಿಗೆಯಷ್ಟೇ ಅಲ್ಲ, ಹೊಣೆಯೂ ಸೇರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಸೀಸ ಕಣ್ಣಿಗೆ ಕಾಣದು. ಆದ್ದರಿಂದ 2017ಕ್ಕೆ ಮೊದಲಿನ ಆಯಿಲ್ ಪೇಂಟಿನಲ್ಲಿ ಅದು ಇದೆ ಎಂದೇ ತಿಳಿದು ನಡೆಯುವುದು ಕ್ಷೇಮ. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಕೆರೆಯಬೇಡಿ. ತೊಳೆದು ಅದರ ಮೇಲೆಯೇ ಹೊಸದನ್ನು ಬಳಿಸಿ. ಎದ್ದು ಉದುರುತ್ತಿದ್ದರೆ ನೀರು ತಾಗಿಸಿ ಉಜ್ಜಿಸಿ. ಒಣಗಿದ್ದಾಗ ಉಜ್ಜಬಾರದು, ಬೆಂಕಿ ಹಿಡಿದು ಸುಡಲೂಬಾರದು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಪಾತ್ರೆ, ಹಾಸಿಗೆಗಳನ್ನು ಹೊರಗಿಟ್ಟು, ಕೆಲಸ ಮುಗಿದು ನೆಲ ಒರೆಸುವವರೆಗೆ ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ. ಕಸಬರಿಗೆ ಧೂಳೆಬ್ಬಿಸುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ. ಪುಡಿಯನ್ನು ಚೀಲದಲ್ಲಿ ಕಟ್ಟಿ; ಬಾವಿ, ಹಿತ್ತಲ ಹತ್ತಿರ ಸುರಿಯಬೇಡಿ. ಪೇಂಟರೂ ಯಾರದೋ ಮನೆಯ ಮಗ: ಅವನಿಗೆ ಒಳ್ಳೆಯ ಮಾಸ್ಕ್ ಕೊಡಿ, ಊಟಕ್ಕೆ ಮೊದಲು ಕೈ ತೊಳೆಯಲು ಸಾಬೂನು ಕೊಡಿ. ಹೊಸ ಡಬ್ಬಿಯ ಮೇಲೆ ಸೀಸದ ಪ್ರಮಾಣ ಬರೆದಿದೆಯೇ ನೋಡಿ ಕೊಳ್ಳಿ. ಮಗುವಿನ ಬಗ್ಗೆ ಸಂಶಯವಿದ್ದರೆ ರಕ್ತದ ಸೀಸ ಪರೀಕ್ಷೆಗೆ ವೈದ್ಯರನ್ನು ಕೇಳಿ.

ಇಷ್ಟು ಹೇಳುವ ನಾವೂ ನಿರ್ದೋಷಿಗಳಲ್ಲ. ಹಿಂದೆ ಒಂದು ಊರಿನ ಬೋರ್ಡಿಂಗ್ ನಮ್ಮ ಕೈಯಲ್ಲಿದ್ದಾಗ, ಖರ್ಚು ಉಳಿಯಲೆಂದು ಹುಡುಗರಿಗೇ ಪಾಲಿಶ್ ಪೇಪರ್ ಕೊಟ್ಟು ಕಿಟಕಿಗಳನ್ನು ಉಜ್ಜಿಸಿದ್ದೆವು. ಶ್ರಮದಾನವೆಂದು ಹೊಗಳಿಯೂ ಇದ್ದೆವು. ತಿಳಿಯದೆ ಮಾಡಿದ್ದು ನಿಜ. ಆದರೂ ಪಾಪನಿವೇದನೆಗೆ ಕುಳಿತಾಗ ಆ ಧೂಳು ಮೆತ್ತಿದ ಮುಖಗಳು ನೆನಪಿಗೆ ಬರುತ್ತವೆ.

ಚಾಳದ ಮಾಲೀಕರು ಆ ದಿನ ಕೆಲಸ ನಿಲ್ಲಿಸಿದರು. ಮರುದಿನ ನಾವು ಹೋದಾಗ ಬಾಗಿಲ ಬಳಿ ನೀರಿನ ಬಕೀಟು ಇತ್ತು. ತಾಯಿ, ಮಗು ಎರಡು ದಿನದ ಮಟ್ಟಿಗೆ ಮಾಲೀಕರ ಮನೆಯಲ್ಲೇ ಇದ್ದರು. ಬೆತ್ಲೆಹೇಮಿನ ಛತ್ರದಲ್ಲಿ ಸಿಗದ ಸ್ಥಳ ವಿಜಾಪುರ ರಸ್ತೆಯಲ್ಲಿ ಸಿಕ್ಕಿತ್ತು. ನಿಮ್ಮ ಮನೆಗಳಲ್ಲೂ, ನೀವು ಬಾಡಿಗೆಗೆ ಕೊಟ್ಟ ಮನೆಗಳಲ್ಲೂ ಬಾಲಯೇಸು ಸುಖವಾಗಿ ಬೆಳೆಯಲಿ.