ಕಂಪ್ಯೂಟರ್ ತೊಳೆಯುವ ಮುನ್ನ



ಹಬ್ಬದ ಮುಂದೆ ಮನೆ ತೊಳೆಯುವಾಗ ನಾವು ಮೊದಲು ಏನು ಮಾಡುತ್ತೇವೆ ಹೇಳಿ? ಜಗಲಿಯ ದೇವರ ಪಟ, ಅಕ್ಕಿಯ ಡಬ್ಬಿ, ಹಾಸಿಗೆ, ಮಕ್ಕಳ ಪಾಟಿಚೀಲ ಎಲ್ಲವನ್ನೂ ಅಂಗಳಕ್ಕೆ ತಂದು ಇಡುತ್ತೇವೆ. ಆಮೇಲೆ ತಾನೇ ಕೊಡ ನೀರು ಸುರಿಯುವುದು? ಸಾಮಾನು ಒಳಗಿಟ್ಟು ನೀರು ಸುರಿಯುವ ಹೆಂಗಸನ್ನು ನಾನಂತೂ ಕಂಡಿಲ್ಲ. ಆದರೆ ಮನೆಯ ಕಂಪ್ಯೂಟರಿಗೆ ಕಾಯಿಲೆಯಾದಾಗ ಮಾತ್ರ ಓದಿದವರೂ ಹೀಗೆಯೇ ಮಾಡುತ್ತಾರೆ! ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಯಂತ್ರ ಮೊಂಡಾಟ ಹೂಡಿದಾಗ ಒಂದು ಅಂಗಡಿಗೆ ಒಯ್ದು ಕೊಟ್ಟು ಬಂದೆವು. ಸಂಜೆಗೆ ಅದು ಹೊಸ ಮದುಮಗಳಂತೆ ಹೊಳೆಯುತ್ತ ಬಂತು. ಮಗಳ ಜವಳದ ಫೋಟೋಗಳು ಮಾತ್ರ ಬರಲಿಲ್ಲ. ತಪ್ಪು ನಮ್ಮದೇ ಅನ್ನಿ. "ಒಳಗೆ ಇಂಥಿಂಥದ್ದಿದೆ, ಜೋಪಾನ" ಎಂದು ನಾವು ಹೇಳಿರಲೇ ಇಲ್ಲ.

ಆ ಸಂಕಟ ಗೊತ್ತಿದ್ದುದರಿಂದಲೇ, ಮೊನ್ನೆ ಹುಕ್ಕೇರಿ ತಾಲೂಕಿನ ದಡ್ಡಿಯಿಂದ ತಂಗಿ ಫೋನು ಮಾಡಿದಾಗ ನನ್ನ ಎದೆ ಧಸಕ್ಕೆಂದಿತು.

"ಅಕ್ಕಾ, ಕಂಪ್ಯೂಟರ್ ಚಾಲೂನ ಆಗವಲ್ದು. ನೀಲಿ ಪರದೆ ಬರತೈತಿ, ಮತ್ತ ಆರತೈತಿ. ಹುಡುಗ ಎಲ್ಲಾ ಅಳಸಿ ಹೊಸಾದು ಹಾಕತೇನಿ ಅಂತ ಕುಂತಾನ. ಅದರಾಗ ಅತ್ತಿ ಹಾಡು ಅದಾವಲ್ಲ!"

ಅತ್ತಿಯ ಹಾಡು ಅಂದರೆ ಬೀಸುವ ಪದಗಳು. ತಂಗಿಯ ಅತ್ತೆ ಈಗಿಲ್ಲ. ಅವರು ಇದ್ದಾಗ ತಂಗಿಯ ಗಂಡ ಪಕ್ಕದಲ್ಲಿ ಕೂತು, ಅವರು ಹೇಳಿದಂತೆ ಅರವತ್ತಮೂರು ಹಾಡುಗಳನ್ನು 'ನುಡಿ'ಯಲ್ಲಿ ಬೆರಳಚ್ಚು ಮಾಡಿದ್ದರು. ಅದು 2010ರ ಮಾತು. ಕಾಗದದ ಮೇಲೆ ಒಂದು ಪ್ರತಿಯೂ ಇಲ್ಲ. "ನಾ ಬರೂತನಾ ಯಾರೂ ಅದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿ, ಒಂದು ಡಬ್ಬಿ ಕರದಂಟು ಕಟ್ಟಿಸಿಕೊಂಡು ಗೋಕಾಕದಿಂದ ಹೊರಟೆ.

ಹೋಗಿ ನೋಡಿದರೆ ಹುಡುಗ ಪೆನ್‌ಡ್ರೈವ್ ಹಿಡಿದು ತಯಾರಾಗಿಯೇ ನಿಂತಿದ್ದ. ಪಿಯುಸಿ ಓದುತ್ತಾನೆ, ಕೈ ಚುರುಕು, ತಾಳ್ಮೆ ಕಡಿಮೆ. ಯಂತ್ರವೇ ಶುರುವಾಗದಿದ್ದರೆ ಒಳಗಿನದನ್ನು ಹೊರಗೆ ತೆಗೆಯುವುದು ಹೇಗೆ ಎಂದು ನೀವು ಕೇಳಬಹುದು. ತಂಗಿಯೂ ಕೇಳಿದಳು. ನೋಡಿ, ಕೆಟ್ಟಿರುವುದು ಬಾಗಿಲಿನ ಕೀಲಿ, ಒಳಗಿನ ಸಾಮಾನಲ್ಲ. ಹಿತ್ತಲ ಬಾಗಿಲಿನಿಂದ ಹೋಗಬಹುದು. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯಿದೆಯಲ್ಲ, ಉಬುಂಟು, ಮಿಂಟ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ. ಅದನ್ನು ಬೇರೆಯವರ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು, ನಮ್ಮ ಯಂತ್ರವನ್ನು ಅದರಿಂದಲೇ ಶುರು ಮಾಡಬೇಕು. ಗುಂಡಿ ಒತ್ತಿದ ತಕ್ಷಣ ಎಫ್ 12 ಕೀಲಿಯನ್ನು ಟಕಟಕ ಬಡಿದರೆ ಎಲ್ಲಿಂದ ಶುರುವಾಗಲಿ ಎಂದು ಕೇಳುತ್ತದೆ. ಕೆಲವು ಕಂಪನಿಗಳಲ್ಲಿ ಅದು ಎಫ್ 9 ಅಥವಾ ಎಸ್ಕೇಪ್. ಲಿನಕ್ಸ್ ಬಂದ ಮೇಲೆ "ಇನ್‌ಸ್ಟಾಲ್" ಒತ್ತಬೇಡಿ, "ಟ್ರೈ" ಒತ್ತಿ. ಆಗ ಒಳಗಿನ ಡಿಸ್ಕಿನಲ್ಲಿ ಒಂದಕ್ಷರವೂ ಬದಲಾಗದೆ ಎಲ್ಲ ಕಡತಗಳೂ ಕಣ್ಣಿಗೆ ಕಾಣುತ್ತವೆ. ಬೇಕಾದ್ದನ್ನು ಇನ್ನೊಂದು ಪೆನ್‌ಡ್ರೈವಿಗೆ ಎಳೆದು ಹಾಕಿಕೊಂಡರಾಯಿತು.

ಯಾವುದು ಬೇಕಾದ್ದು? ಇಲ್ಲಿ ಎಲ್ಲರೂ ಎಡವುತ್ತಾರೆ. "ಸಿ ಡ್ರೈವ್ ಅಷ್ಟ ಅಳಸತೇನಿ ದೊಡ್ಡವ್ವಾ, ನಮ್ಮದೇನೂ ಅದರಾಗ ಇಲ್ಲ" ಅಂದ ಹುಡುಗ. ಇತ್ತಪ್ಪ, ಎಲ್ಲವೂ ಅದರಲ್ಲೇ ಇತ್ತು! ಪರದೆಯ ಮೇಲೆ ಎದುರಿಗೇ ಕಾಣುವ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಇವೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನ 'ಯೂಸರ್ಸ್' ಎಂಬ ಕಡತಕೋಶದೊಳಗೆ ಇರುತ್ತವೆ. ನಾವು ಆ ಯೂಸರ್ಸ್ ಕೋಶವನ್ನೇ ಇಡಿಯಾಗಿ ಎತ್ತಿಕೊಂಡೆವು. ತಂಗಿಯ ಸ್ವಸಹಾಯ ಸಂಘದ ಲೆಕ್ಕ, ಮನೆಯ ಫೋಟೋ, ಅತ್ತಿಯ ಹಾಡು ಎಲ್ಲ ಬಂತು. ಕಡತಗಳ ಎಣಿಕೆ ತಾಳೆ ನೋಡಿದೆವು, ನಾಲ್ಕು ಫೋಟೋ ತೆರೆದೂ ನೋಡಿದೆವು. ಹಾಡಿನ ಕಡತ ತೆರೆದು ನೋಡಲಿಲ್ಲ. ಇದನ್ನು ನೆನಪಿಡಿ, ಮುಂದೆ ಇದರ ಕಥೆ ಬರುತ್ತದೆ.

ಚಹಾ ಕುಡಿಯುತ್ತ ಕೂತಿದ್ದೆ. ಹುಡುಗ ಗೆಳೆಯನ ಮನೆಗೆ ಹೋಗಿ ವಿಂಡೋಸ್ ಪೆನ್‌ಡ್ರೈವ್ ಮಾಡಿಕೊಂಡು ಬರುತ್ತೇನೆಂದು ಹೊರಟ. ಕೈಯಲ್ಲಿದ್ದದ್ದು ಯಾವುದು ಗೊತ್ತೇ? ಈಗಷ್ಟೇ ಹಾಡು ತುಂಬಿದ ಪೆನ್‌ಡ್ರೈವ್!

"ಇದರಾಗ ಇನ್ನೂ ಜಾಗಾ ಐತಿ ದೊಡ್ಡವ್ವಾ."

ಜಾಗ ಇದ್ದರೇನು ಬಂತು? ವಿಂಡೋಸ್ ತುಂಬುವ ಸಾಧನಕ್ಕೆ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಮತ್ತು ಅದು ಮೊದಲು ಮಾಡುವ ಕೆಲಸವೇ ಆ ಪೆನ್‌ಡ್ರೈವಿನಲ್ಲಿರುವುದನ್ನೆಲ್ಲ ಗುಡಿಸಿ ಹಾಕುವುದು. ಲಿನಕ್ಸ್ ತುಂಬುವಾಗಲೂ ಅಷ್ಟೆ. ಹುಡುಗನ ಕೈಯಿಂದ ಅದನ್ನು ಕಸಿದುಕೊಂಡು, ತಂಗಿಯ ಸೀರೆಯ ಸೆರಗಿನ ತುದಿಗೆ ಕಟ್ಟಿಸಿದೆ! ಕೆಲಸ ಮುಗಿದಿದ್ದ ಲಿನಕ್ಸ್ ಪೆನ್‌ಡ್ರೈವನ್ನೇ ವಿಂಡೋಸಿಗೆ ಕೊಟ್ಟೆವು. ನಗಬೇಡಿ. ಕಾಪಿ ಮಾಡಿಟ್ಟ ಪೆನ್‌ಡ್ರೈವ್ ಯಂತ್ರಕ್ಕೆ ಸಿಕ್ಕಿಸಿದ್ದರೆ ಮುಂದಿನ ಹಂತದಲ್ಲೂ ಅಪಾಯವಿದೆ. ವಿಂಡೋಸ್ ಎಲ್ಲಿ ಕೂರಲಿ ಎಂದು ಕೇಳುವ ಪರದೆಯಲ್ಲಿ ಸಿ, ಡಿ ಎಂಬ ಪರಿಚಿತ ಹೆಸರುಗಳು ಇರುವುದಿಲ್ಲ. "ಡಿಸ್ಕ್ 0, ಪಾರ್ಟಿಶನ್ 2" ಎಂಬಂಥ ಸಂಖ್ಯೆ ಮತ್ತು ಅಳತೆ ಮಾತ್ರ ಇರುತ್ತದೆ. ಆದ್ದರಿಂದ ಯಾವ ಡ್ರೈವ್ ಎಷ್ಟು ಜಿಬಿ ಎಂದು ಮೊದಲೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.

ಯಾವ ವಿಂಡೋಸ್ ಹಾಕುವುದು ಎಂಬುದೂ ಒಂದು ಪ್ರಶ್ನೆಯೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು. ಹಳೆಯ ಯಂತ್ರಗಳಲ್ಲಿ ಅದಿರುವುದಿಲ್ಲ, ದಡ್ಡಿಯ ಯಂತ್ರದಲ್ಲೂ ಇರಲಿಲ್ಲ. ಇಂಥವರು ಲಿನಕ್ಸಿಗೇ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆದರೆ ಸಂಘದ ಲೆಕ್ಕದ ತಂತ್ರಾಂಶ ವಿಂಡೋಸಿನಲ್ಲೇ ಓಡುವುದು ಎಂದು ತಂಗಿ ಪಟ್ಟು ಹಿಡಿದಳು. ಸರಿ, 10ನ್ನೇ ಮತ್ತೆ ಹಾಕಿದೆವು, ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು ಎಂಬ ಕರಾರಿನ ಮೇಲೆ.

ಹಾಕುವ ಕೆಲಸ ಅಂಥ ಕಷ್ಟದ್ದೇನಲ್ಲ, ದೋಸೆ ಹುಯ್ಯುವಷ್ಟೇ. ಮೊದಲನೆಯದು ಕಾವಲಿಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಕೀಲಿ ಸಂಖ್ಯೆ ಕೇಳಿದರೆ "ನನ್ನ ಹತ್ತಿರ ಇಲ್ಲ" ಎಂಬುದನ್ನು ಒತ್ತಿ. ಅದೇ ಯಂತ್ರದಲ್ಲಿ ಮೊದಲು ಅದೇ ವಿಂಡೋಸ್ ಅಧಿಕೃತವಾಗಿ ನೋಂದಣಿಯಾಗಿದ್ದರೆ, ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಗುರುತು ಹಿಡಿಯುತ್ತದೆ. ನಡುವೆ ಒಮ್ಮೆ ಆರಿ ಹೊತ್ತಿಕೊಳ್ಳುತ್ತದೆ. ಆಗ ಪೆನ್‌ಡ್ರೈವ್ ತೆಗೆಯಬೇಕು. ತೆಗೆಯದಿದ್ದರೆ ಕೆಲವು ಯಂತ್ರಗಳು ಮತ್ತೆ ಮೊದಲಿನಿಂದ "ಭಾಷೆ ಯಾವುದು?" ಎಂದು ಶುರು ಮಾಡುತ್ತವೆ. ನಮ್ಮ ಹುಡುಗ ಎರಡು ಸಲ ಆ ಗಾಣ ಸುತ್ತಿದ! ಎಲ್ಲ ಮುಗಿದ ಮೇಲೆ ವೈಫೈ ಕಾಣದಿದ್ದರೆ ಗಾಬರಿ ಬೇಡ. ಅದಕ್ಕೆ ಬೇಕಾದ ಡ್ರೈವರ್ ಇಲ್ಲ, ಅಷ್ಟೆ. ಮೊಬೈಲನ್ನು ಚಾರ್ಜ್ ಮಾಡುವ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಹಚ್ಚಿದರೆ ಫೋನಿನ ಇಂಟರ್ನೆಟ್ ಅದಕ್ಕೂ ಹರಿಯುತ್ತದೆ. ಮಿಕ್ಕದ್ದನ್ನು ಸಾಮಾನ್ಯವಾಗಿ ಅದೇ ತರಿಸಿಕೊಳ್ಳುತ್ತದೆ.

ಹೊಸ ಲ್ಯಾಪ್‌ಟಾಪ್ ಇರುವ ಸೋದರಿಯರಿಗೆ ಎರಡು ಮಾತು. ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕುವಾಗ "ಯಾವ ಡ್ರೈವೂ ಸಿಗಲಿಲ್ಲ" ಎಂದು ಬರುತ್ತದೆ. ಡಿಸ್ಕ್ ಸತ್ತಿತೆಂದು ಯಾರಾದರೂ ಹೊಸದು ಕೊಳ್ಳಲು ಹೇಳಿದರೆ ಕೂಡಲೇ ಒಪ್ಪಬೇಡಿ. ಬಹಳ ಸಲ ಅದಕ್ಕೆ ಬೇಕಾದದ್ದು ಇಂಟೆಲ್ ಆರ್‌ಎಸ್‌ಟಿ ಎಂಬ ಡ್ರೈವರ್ ಮಾತ್ರ. ಕಂಪನಿಯ ಜಾಲತಾಣದಿಂದ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು 'ಲೋಡ್ ಡ್ರೈವರ್' ಒತ್ತಿದರೆ ಡಿಸ್ಕ್ ಎದ್ದು ಕೂರುತ್ತದೆ. ಇನ್ನೊಂದು, ಬಿಟ್‌ಲಾಕರ್ ಎಂಬ ಬೀಗ. ಎಷ್ಟೋ ಹೊಸ ಯಂತ್ರಗಳಲ್ಲಿ ಅದು ನಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ಅದರ ಕೀಲಿ 48 ಅಂಕಿಗಳದು, ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯೊಳಗೆ ಇರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಹಾಲಿನ ಲೆಕ್ಕದ ಡೈರಿಯಲ್ಲಾದರೂ ಬರೆದಿಡಿ. ಅದಿಲ್ಲದಿದ್ದರೆ ನಾನು ಮೇಲೆ ಹೇಳಿದ ಹಿತ್ತಲ ಬಾಗಿಲೂ ತೆರೆಯುವುದಿಲ್ಲ.

ಈಗ ಹಾಡಿನ ಕಥೆಗೆ ಬರೋಣ.

ರಾತ್ರಿ ಎಂಟಕ್ಕೆ ಯಂತ್ರ ಸಿದ್ಧವಾಯಿತು. ತಂಗಿ ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ಕೊಟ್ಟಳು. ಹಾಡಿನ ಕಡತ ತೆರೆದೆವು. ಕನ್ನಡದ ಒಂದಕ್ಷರವೂ ಇಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಕೊಂಬು, ಚುಕ್ಕಿ, ನಡುನಡುವೆ ಇಂಗ್ಲೆಂಡಿನ ಪೌಂಡಿನ ಗುರುತು. ತಂಗಿ ಮೂಕಳಾಗಿ ನಿಂತಳು. ಆಮೇಲೆ, "ಎಲ್ಲಾ ಕೆಟ್ಟು ಹೋತಲ್ಲ ಅಕ್ಕಾ" ಎಂದು ಕಣ್ಣಿಗೆ ಸೆರಗು ಹಚ್ಚಿದಳು. ಹುಡುಗನ ಮುಖ ಬಿಳಿಚಿಕೊಂಡಿತ್ತು.

ಕೆಟ್ಟಿರಲಿಲ್ಲ. ಕೇಳಿ, ಇದು ಕನ್ನಡದ ಮನೆಗಳಿಗೇ ವಿಶೇಷವಾಗಿ ಬರುವ ತಾಪತ್ರಯ. ಈಗ ನಾವು ಮೊಬೈಲಿನಲ್ಲಿ ಬರೆಯುವ ಕನ್ನಡ ಯುನಿಕೋಡ್. ಅದರಲ್ಲಿ 'ಕ'ಕ್ಕೆ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. ಆದರೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಹಾಗಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ವೇಷ ತೊಡಿಸಿರುತ್ತಾರೆ. 'ಕನ್ನಡ' ಎಂದು ನುಡಿಯಲ್ಲಿ ಬರೆದರೆ ಕಡತದೊಳಗೆ ಕೂತಿರುವುದು ಇಂಗ್ಲಿಷಿನ ಪಿ, ಪೌಂಡಿನ ಗುರುತು, ಕ್ಯೂ ಮುಂತಾದವು. ನುಡಿಯ ಅಕ್ಷರಶೈಲಿ ಯಂತ್ರದಲ್ಲಿದ್ದರೆ ಅವು ಕನ್ನಡವಾಗಿ ಕಾಣುತ್ತವೆ, ಇಲ್ಲದಿದ್ದರೆ ವೇಷ ಕಳಚಿ ನಿಲ್ಲುತ್ತವೆ. ಆಗ ಹಾಗೆ ಮಾಡದೆ ಗತಿಯಿರಲಿಲ್ಲ. ಶೇಷಾದ್ರಿ ವಾಸು ಅವರು 'ಬರಹ'ವನ್ನು ಬಿಡುಗಡೆ ಮಾಡಿದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದದ್ದು ಅದರ ಆಸುಪಾಸಿನ ವರ್ಷಗಳಲ್ಲಿ. ವಿಂಡೋಸ್ ತನ್ನದೇ ಕನ್ನಡ ಅಕ್ಷರವಾದ 'ತುಂಗಾ'ವನ್ನು ತಂದದ್ದು 2001ರ ಎಕ್ಸ್‌ಪಿಯ ಕಾಲಕ್ಕೆ. ಕಚೇರಿ, ಶಾಲೆ, ಮುದ್ರಣಾಲಯಗಳಲ್ಲಿ ಹಳೆಯ ಪದ್ಧತಿ ಅದಾದ ಮೇಲೂ ಬಹುಕಾಲ ನಡೆದುಕೊಂಡು ಬಂತು.

ಅಕ್ಷರಶೈಲಿಗಳೆಲ್ಲ ಸಿ ಡ್ರೈವಿನ ವಿಂಡೋಸ್ ಕೋಶದೊಳಗೆ 'ಫಾಂಟ್ಸ್' ಎಂಬಲ್ಲಿ ಇರುತ್ತವೆ. ನಾವು ಯೂಸರ್ಸ್ ಕೋಶ ತಂದೆವು, ಇದನ್ನು ಬಿಟ್ಟು ಬಂದೆವು. ಹುಡುಗನನ್ನು ಯಾಕೆ ಬಯ್ಯಲಿ, ನನಗೂ ಹೊಳೆದಿರಲಿಲ್ಲ. ವಿಂಡೋಸಿನಲ್ಲಿ "ನನ್ನ ಕಡತಗಳನ್ನು ಉಳಿಸಿ ಮರುಹೊಂದಿಸು" ಎಂಬ ಸುಲಭದ ದಾರಿಯಿದೆಯಲ್ಲ, ಅಲ್ಲೂ ಹೀಗೇ ಆಗಬಹುದು. ಕಡತ ಉಳಿಯುತ್ತದೆ, ನಾವು ಹಾಕಿಕೊಂಡ ತಂತ್ರಾಂಶ ಹೋಗುತ್ತದೆ.

ಇಂಥ ಪುಟ ಕಂಡಾಗ ಮಾಡಬಾರದ ಕೆಲಸವೆಂದರೆ ಅಳಿಸುವುದು, ತಿದ್ದುವುದು, 'ಸೇವ್' ಒತ್ತುವುದು. ಸುಮ್ಮನೆ ಮುಚ್ಚಿಬಿಡಿ. ನಾವು ನುಡಿಯನ್ನು ಮತ್ತೆ ಇಳಿಸಿಕೊಂಡು ಹಾಕಿದೆವು. ಕಡತ ಮತ್ತೆ ತೆರೆದರೆ ಅರವತ್ತೂ ಚಿಲ್ಲರೆ ಹಾಡು ಕನ್ನಡದಲ್ಲಿ ಎದ್ದು ನಿಂತವು! ನಿಮ್ಮಲ್ಲಿ ಹಾಗೆ ಬರದಿದ್ದರೆ ಇಡೀ ಬರಹವನ್ನು ಆಯ್ದುಕೊಂಡು, ಮೇಲಿನ ಪಟ್ಟಿಯಲ್ಲಿ ನುಡಿಯ ಅಕ್ಷರಶೈಲಿಯ ಹೆಸರನ್ನು ಆರಿಸಿ.

ತಂಗಿ ಅಷ್ಟಕ್ಕೇ ಕೈ ಮುಗಿದಳು. ನಾನು ಬಿಡಲಿಲ್ಲ. ಮುಂದಿನ ಸಲ ಯಂತ್ರ ಕೆಟ್ಟರೆ ಮತ್ತೆ ಇದೇ ಗೋಳು ತಾನೇ? ಹಳೆಯ ಕಡತವನ್ನು ಮುಟ್ಟದೆ ಹಾಗೇ ಇಟ್ಟು, ಅದರ ಪ್ರತಿಯೊಂದನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದೆವು. ಅದೀಗ ಮೊಬೈಲಿನಲ್ಲೂ ಓದಲು ಬರುತ್ತದೆ. ಹಳೆಯದರಿಂದ ಒಂದು ಪಿಡಿಎಫ್ ಕೂಡ ಮಾಡಿದೆವು. ಅದರೊಳಗೆ ಅಕ್ಷರಶೈಲಿಯನ್ನು ಸೇರಿಸಿಡಲು ಬರುತ್ತದೆ, ಆಗ ಯಾವ ಯಂತ್ರದಲ್ಲಾದರೂ ಕನ್ನಡವಾಗಿಯೇ ಕಾಣುತ್ತದೆ. ಯಂತ್ರ ತೊಳೆಯುವ ಮುನ್ನವೇ ನಿಮ್ಮ ಹಳೆಯ ಕನ್ನಡ ಕಡತಗಳಿಗೆ ಇಷ್ಟು ಮಾಡಿಕೊಂಡರೆ ನಮ್ಮಂತೆ ರಾತ್ರಿ ಅಳುವ ಪ್ರಸಂಗ ಬರುವುದಿಲ್ಲ.

ಪರಿವರ್ತನೆಯಲ್ಲಿ ಸಣ್ಣಪುಟ್ಟ ತಪ್ಪು ನುಸುಳುತ್ತವೆ. ಅರ್ಕಾವತ್ತು, ಒತ್ತಕ್ಷರಗಳು ಒಮ್ಮೊಮ್ಮೆ ಜಾಗ ತಪ್ಪುತ್ತವೆ. ಹಾಗಾಗಿ ಮರುದಿನ ಊಟವಾದ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡಲು ಕೂತೆವು. ಹುಡುಗ ಓದುವುದು, ತಂಗಿ ಹೂಂಗುಟ್ಟುವುದು. ಓದು ಸಾಗಿದಂತೆ ಅವಳು ಮೆಲ್ಲಗೆ ರಾಗಕ್ಕೆ ಹತ್ತಿದಳು. ಹದಿನೇಳನೆಯ ಹಾಡಿನಲ್ಲಿ ತಟಕ್ಕನೆ ನಿಲ್ಲಿಸಿ, "ಅತ್ತಿ ಹಂಗ ಅಂತಿದ್ದಿಲ್ಲ" ಅಂದಳು. ಹಳೆಯ ಕಡತ ನೋಡಿದರೆ ಅಲ್ಲೂ ಅದೇ ಶಬ್ದ! ಪರಿವರ್ತಕದ ತಪ್ಪಲ್ಲ, 2010ರಲ್ಲಿ ಅವಳ ಗಂಡನೇ ತಪ್ಪು ಒತ್ತಿದ್ದರು. ಒಳಗಿನ ಕೋಣೆಯಿಂದ ಅವರು ಬಂದು ಕನ್ನಡಕ ಏರಿಸಿ ನೋಡಿದರು, ಬಾಯಲ್ಲಿ ಒಮ್ಮೆ ಹಾಡಿ ನೋಡಿದರು, "ಖರೇ ಐತಿ" ಎಂದು ಕುರ್ಚಿ ಎಳೆದು ನಮ್ಮ ಪಕ್ಕದಲ್ಲೇ ಕೂತರು. ಸಂಜೆಯ ಬಸ್ಸು ಹಿಡಿಯಬೇಕೆಂದಿದ್ದ ನಾನು ಆ ದಿನವೂ ದಡ್ಡಿಯಲ್ಲೇ ಉಳಿದೆ.